ಬಂಡಲ್ ಬಿಡೋಣ ಬನ್ನಿ: ದೇಶಕ್ಕೊಂದು ಸುಳ್ಳು, ಜಿಲ್ಲೆಗೊಂದು ಸುಳ್ಳು

ಖಡಕ್ ಚಹಾ, ಕಲಬುರಗಿ:
ಈ ತಂಟೆ ಶುರುವಾಗಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಮಕ್ಕಳಿಗೆ ಜಿ.ಕೆ. ಕ್ವಿಜ್ ಇಟ್ಟಿದ್ದೆವು. ಪ್ರಶ್ನೆ ಕೇಳುವವನು ನಾನು. ಪ್ರಶ್ನೆ ಬರೆದ ಹಾಳೆಯಲ್ಲಿ ಯಾರೋ ಶೇಂಗಾ ಉಂಡಿ ಕಟ್ಟಿಕೊಂಡು ಹೋಗಿದ್ದರು. ನೆನಪಿದ್ದಷ್ಟು ಕೇಳುತ್ತಾ ಹೋದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಶುರುವಾಗುವ ತನಕ ಮಕ್ಕಳನ್ನು ಕೂಡಿಸಬೇಕಲ್ಲ, ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ: "ಸ್ವಿಟ್ಜರ್‌ಲೆಂಡ್‌ನಲ್ಲಿ ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೆ ಗಡಿಯಾರದವನಿಗೆ ದಂಡ ಇಲ್ಲ, ಸೂರ್ಯನಿಗೆ ನೋಟಿಸ್ ಹೋಗುತ್ತದೆ."

ದೊಡ್ಡವರೆಲ್ಲ ನಕ್ಕರು. ಏಳನೇ ಇಯತ್ತೆಯ ಒಬ್ಬ ಹುಡುಗ ನಗಲಿಲ್ಲ. ಮೊಬೈಲ್ ಬ್ಯಾಟರಿ ಬೆಳಕಿನಲ್ಲಿ ಬರೆದುಕೊಂಡ.

ಹತ್ತು ದಿನ ಆದ ಮೇಲೆ ಅವನ ಅವ್ವ ನಮ್ಮ ಮನೆಗೆ ಬಂದರು. ಶಾಲೆಯ ಟೆಸ್ಟಿನಲ್ಲಿ ಸ್ವಿಟ್ಜರ್‌ಲೆಂಡ್ ಬಗ್ಗೆ ಎರಡು ವಾಕ್ಯ ಬರೆಯಿರಿ ಅಂತ ಕೇಳಿದ್ದರಂತೆ. "ಏನ್ರೀ ಅಣ್ಣಾರ, ನಿಮ್ಮ ಸೂರ್ಯನ ನೋಟಿಸು ನಮ್ಮ ಹುಡುಗನ ಒಂದು ಮಾರ್ಕು ತಿಂತಲ್ರೀ" ಅಂದರು. ಚಹಾ ಕುಡಿಸಿ, ಕೈ ಮುಗಿದು ಕಳಿಸಿದೆ. ಆದರೆ ತಲೆಯಲ್ಲಿ ಹುಳ ಬಿತ್ತು. ಅದೇ ಮಾತು ನಾನು ಬ್ರೆಜಿಲ್ ಬಗ್ಗೆ ಹೇಳಿದ್ದರೆ ಆ ಹುಡುಗ ನಂಬುತ್ತಿರಲಿಲ್ಲ. ಸ್ವಿಸ್ ಅಂದ ಕೂಡಲೇ ಅವನ ತಲೆಯಲ್ಲಿ ಮೊದಲೇ ಒಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು, ನನ್ನ ಸುಳ್ಳು ಹೋಗಿ ಅದರ ಮೊಳೆಗೆ ನೇತುಬಿತ್ತು.

ಅದಕ್ಕೇ ಈ ಆಟ. ದೇಶಕ್ಕೊಂದು ಬಂಡಲ್ ಬಿಡಿ. ಸುಳ್ಳಾದರೆ ಮುಂದೆ "ಬಂಡಲ್" ಅಂತ ಬರೆಯಬೇಕು, ನಿಜವಾದರೆ "ಖರೇ" ಅಂತ. ಮತ್ತೆ ಯಾವ ಹುಡುಗನ ಮಾರ್ಕೂ ಹೋಗಬಾರದು. ಬಣ್ಣ, ಧರ್ಮ, ಬಡತನದ ಮೇಲೆ ಜೋಕ್ ಬೇಡ. ಗೆದ್ದವರಿಗೆ ಎರಡು ಪ್ಲೇಟ್ ಮಿರ್ಚಿ ಭಜಿ, ಒಂದು ಮಾಲ್ಪುರಿ ನನ್ನ ಲೆಕ್ಕ.

ತೊಗರಿ ತಮ್ಮ, ಆಳಂದ ಕಡೆ:
ಬಂಡಲ್: ಫಿನ್‌ಲೆಂಡ್‌ನಲ್ಲಿ ಜನಗಣತಿಗೆ ಬಂದವರು ಮನೆಯವರ ಜೊತೆ ಮಾತಾಡುವುದಿಲ್ಲ. ಬಾಗಿಲ ಮುಂದಿನ ಚಪ್ಪಲಿ ಎಣಿಸಿ, ಎರಡರಿಂದ ಭಾಗಿಸಿ, ಹೋಗಿಬಿಡುತ್ತಾರೆ. ಮನೆಯವರು ಪರದೆ ಸಂದಿಯಿಂದ ನೋಡಿ ಧನ್ಯವಾದ ಅಂದುಕೊಳ್ಳುತ್ತಾರೆ, ಮನಸ್ಸಿನಲ್ಲೇ.

ಅಳಿಯ ದೇವರು, ಮೈಸೂರು (ಮಾವನ ಮನೆ ಕಲಬುರಗಿ):
ಬಂಡಲ್: ಜರ್ಮನಿಯಲ್ಲಿ ಜೋಕ್ ಹೇಳುವ ಮೊದಲು ಮೂರು ಪ್ರತಿಯಲ್ಲಿ ಅರ್ಜಿ ಕೊಡಬೇಕು. ನಗು ಬಂದರೆ ರಸೀದಿ ಕೊಡುತ್ತಾರೆ. ಬರದಿದ್ದರೆ ಅರ್ಜಿ ಶುಲ್ಕ ವಾಪಸ್.

ಬಂಡಲ್: ಇಟಲಿಯಲ್ಲಿ ಕೈ ಮುರಿದುಕೊಂಡವರಿಗೆ ಡಾಕ್ಟರ್ ಚೀಟಿಯಲ್ಲಿ ಬರೆಯುವುದು ಒಂದೇ ಮಾತು: "ಆರು ವಾರ ಮಾತಾಡಬಾರದು."

ಬಂಡಲ್: ಫ್ರಾನ್ಸ್‌ನಲ್ಲಿ ಒಂದು ಸಲ ಮುಷ್ಕರ ಮಾಡುವವರೇ ಮುಷ್ಕರ ಹೂಡಿದರು. ಆ ದಿನ ಬಸ್ಸು, ರೈಲು, ಬ್ಯಾಂಕು ಎಲ್ಲ ಸರಿಯಾಗಿ ನಡೆದು ಜನ ಗಾಬರಿಯಾದರು.

ಖಡಕ್ ಚಹಾ:
ಅಳಿಯಂದ್ರು ಬಂದ ಕೂಡಲೇ ಮೂರು ಒಗೆದರಲ್ರೀ. ಮಾವನ ಮನೆಯಲ್ಲೂ ಹೀಗೇ ಬಡಿಸಿದ್ದೆಲ್ಲ ಒಂದೇ ಸಲಕ್ಕೆ ಮುಗಿಸುತ್ತೀರಾ?

ರಿಟೈರ್ಡ್ ಮಾಸ್ತರ, ಕಲಬುರಗಿ:
ಜರ್ಮನಿ ಅಂದರೆ ಎಲ್ಲ ಟೈಮಿಗೆ ಸರಿ ಅಂತ ನಾವು ನಂಬಿದ್ದೇವೆ. ಖರೇ: ಬರ್ಲಿನ್ ಊರಿನ ಹೊಸ ವಿಮಾನ ನಿಲ್ದಾಣದ ಕೆಲಸ 2006ರಲ್ಲಿ ಶುರುವಾಯಿತು. 2011ಕ್ಕೆ ತೆರೆಯುತ್ತೇವೆ ಅಂದಿದ್ದರು. ಕಡೆಗೂ ತೆರೆದದ್ದು 2020ರ ಅಕ್ಟೋಬರ್ 31ಕ್ಕೆ. ಬೆಂಕಿ ಬಿದ್ದರೆ ಹೊಗೆ ಹೊರಗೆ ಹಾಕುವ ವ್ಯವಸ್ಥೆಯೇ ಸರಿ ಇರಲಿಲ್ಲ. ಇದನ್ನು ನಾನು ದೇಶದ ಹೆಸರು ಹೇಳದೆ ಕೇಳಿದ್ದರೆ ನೀವೆಲ್ಲ "ನಮ್ಮ ಕಡೆ ರೋಡು ಸರ್" ಅನ್ನುತ್ತಿದ್ದಿರಿ.

ತೊಗರಿ ತಮ್ಮ:
ಮಾಸ್ತರೇ, ಒಂಬತ್ತು ವರ್ಷ ಲೇಟ್! ನಮ್ಮ ಊರಿನ ನೀರಿನ ಟ್ಯಾಂಕಿಗೆ ಈಗ ಗೌರವ ಬಂತು.

ಮೂವತ್ತನೇ ಜಿಲ್ಲೆ, ಯಾದಗಿರಿ:
ಬಂಡಲ್: ಕೆನಡಾದಲ್ಲಿ ಕಳ್ಳ ಮನೆಗೆ ನುಗ್ಗಿದರೆ ಮೊದಲು "ಸಾರಿ" ಅನ್ನುತ್ತಾನೆ. ಮನೆಯವರು "ಇಲ್ಲಪ್ಪ, ನಮ್ಮದೇ ತಪ್ಪು, ಚಿಲಕ ಗಟ್ಟಿ ಹಾಕಿಬಿಟ್ಟಿದ್ದೆವು" ಅನ್ನುತ್ತಾರೆ. ಇಬ್ಬರೂ ಸಾರಿ ಕೇಳುತ್ತಾ ಬೆಳಗಾಗುತ್ತದೆ. ಕಳ್ಳ ಬಂದ ಕೆಲಸ ಮರೆತು ಹೋಗುತ್ತಾನೆ.

ಬಿದ್ರಿ ಹುಡುಗಿ, ಬೀದರ್:
ಇದರ ಖರೇ ಇನ್ನೂ ಮಜಾ ಇದೆ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ 2009ರಲ್ಲಿ ಕ್ಷಮೆ ಕೇಳುವುದಕ್ಕೇ ಒಂದು ಕಾಯ್ದೆ ಮಾಡಿದರು. ಅಪಘಾತ ಗಿಪಘಾತ ಆದಾಗ ನೀವು "ಸಾರಿ" ಅಂದರೆ ಅದನ್ನು ತಪ್ಪೊಪ್ಪಿಗೆ ಅಂತ ಕೋರ್ಟಿನಲ್ಲಿ ಹಿಡಿಯುವ ಹಾಗಿಲ್ಲ. ಯೋಚನೆ ಮಾಡಿ, ಜನ ಎಷ್ಟು ಸಾರಿ ಕೇಳುತ್ತಿದ್ದರೆ ಇಂಥ ಕಾಯ್ದೆ ಬೇಕಾಗುತ್ತದೆ!

ಮತ್ತೊಂದು ಖರೇ: ಕೆನಡಾಕ್ಕೂ ಡೆನ್ಮಾರ್ಕಿಗೂ ಗ್ರೀನ್‌ಲ್ಯಾಂಡ್ ಹತ್ತಿರದ ಒಂದು ಬರೀ ಕಲ್ಲಿನ ದ್ವೀಪಕ್ಕೆ ಜಗಳ ಇತ್ತು, ಹೆಸರು ಹಾನ್ಸ್ ದ್ವೀಪ. ಕೆನಡಾದವರು ಬಂದು ತಮ್ಮ ಧ್ವಜ ನೆಟ್ಟು ಒಂದು ಬಾಟಲಿ ವಿಸ್ಕಿ ಇಟ್ಟು ಹೋಗುವುದು, ಡೆನ್ಮಾರ್ಕಿನವರು ಬಂದು ಅದನ್ನು ಕಿತ್ತು ತಮ್ಮ ಧ್ವಜ, ತಮ್ಮ ಬಾಟಲಿ ಇಡುವುದು. 1984ರಿಂದ ಹೀಗೇ ನಡೆಯಿತು. 2022ರಲ್ಲಿ ಅರ್ಧರ್ಧ ಹಂಚಿಕೊಂಡರು.

ತೊಗರಿ ತಮ್ಮ:
ಅಕ್ಕಾ, ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಹೊಲದ ಬದುವಿನ ಜಗಳ ಹದಿನೆಂಟು ವರ್ಷದಿಂದ ಇದೆ. ಒಂದು ಸಲನೂ ಯಾರೂ ಬಾಟಲಿ ಇಟ್ಟು ಹೋಗಿಲ್ಲ. ಬದುವಿನ ಕಲ್ಲು ಮಾತ್ರ ವರ್ಷಕ್ಕೊಂದು ಗೇಣು ಈ ಕಡೆ ನಡೆದು ಬರುತ್ತದೆ.

ಅಳಿಯ ದೇವರು:
ಬಂಡಲ್: ಇಂಗ್ಲೆಂಡ್‌ನಲ್ಲಿ ಒಬ್ಬ ಬೂಟಿನ ದಾರ ಕಟ್ಟಲು ರಸ್ತೆಯಲ್ಲಿ ನಿಂತ. ತಲೆ ಎತ್ತಿ ನೋಡುವಷ್ಟರಲ್ಲಿ ಹಿಂದೆ ನಲವತ್ತು ಜನ ಸಾಲು ಹಚ್ಚಿದ್ದರು. ಯಾತಕ್ಕೆ ಅಂತ ಯಾರೂ ಕೇಳಲಿಲ್ಲ, ಕೇಳುವುದು ಮರ್ಯಾದೆ ಅಲ್ಲ.

ರಿಟೈರ್ಡ್ ಮಾಸ್ತರ:
ಖರೇ: 2022ರ ಸೆಪ್ಟೆಂಬರ್‌ನಲ್ಲಿ ರಾಣಿ ಎಲಿಜಬೆತ್ ತೀರಿಕೊಂಡಾಗ ಕೊನೆಯ ದರ್ಶನದ ಸಾಲಿನಲ್ಲಿ 24 ಗಂಟೆ ಕಾಯಬೇಕಾಗಬಹುದು ಅಂತ ಅಲ್ಲಿನ ಸರ್ಕಾರವೇ ಹೇಳಿತ್ತು. ಜನ ಹೋಗಿ ನಿಂತರು.

ತೊಗರಿ ತಮ್ಮ:
ನಮ್ಮ ಜಾತ್ರೆಯಲ್ಲಿ ಬಂದು ನಿಲ್ಲಲಿ ನೋಡೋಣ, ಶರಣಬಸವೇಶ್ವರ ಅಪ್ಪನ ತೇರಿನ ದಿನ ಸಾಲು ಅನ್ನುವುದೇ ಇಲ್ಲ, ಜನ ಎತ್ತಿಕೊಂಡೇ ಒಯ್ಯುತ್ತಾರೆ.

ಮಸ್ಕತ್ ಮಾಮಾ, ಊರು ಹುಮನಾಬಾದ್ ತಾಲೂಕು:
ನಾನು ಹನ್ನೊಂದು ವರ್ಷದಿಂದ ಒಮಾನ್‌ನಲ್ಲಿದ್ದೇನೆ. ನಮ್ಮ ರೂಮಿನಲ್ಲಿ ಒಬ್ಬ ಈಜಿಪ್ಟಿನವ, ಒಬ್ಬ ಫಿಲಿಪ್ಪೀನ್ಸ್‌ನವ, ಒಬ್ಬ ಕೇರಳದವ. ಈ ಆಟವನ್ನು ನಾವು ದಿನಾ ಆಡುತ್ತೇವೆ, ಹೆಸರು ಇಟ್ಟಿರಲಿಲ್ಲ ಅಷ್ಟೇ.

ಫಿಲಿಪ್ಪೀನ್ಸ್ ಹುಡುಗ ಬಂದ ಹೊಸತರಲ್ಲಿ ಸೆಪ್ಟೆಂಬರ್ ತಿಂಗಳಿಗೇ ಕ್ರಿಸ್‌ಮಸ್ ಹಾಡು ಹಚ್ಚಿದ. ಯಾಕಪ್ಪ ಅಂದರೆ "ನಮ್ಮ ದೇಶದಲ್ಲಿ ಸೆಪ್ಟೆಂಬರ್‌ನಿಂದಲೇ ಕ್ರಿಸ್‌ಮಸ್ ಸೀಸನ್" ಅಂದ. ಬಂಡಲ್ ಅಂತ ನಾನು ನಕ್ಕೆ. ಖರೇ ಐತಿ. ನಾಲ್ಕು ತಿಂಗಳು ಅದೇ ಹಾಡು ಕೇಳಿ ನನಗೂ ಬಾಯಿಪಾಠ ಆಗಿದೆ.

ಈಜಿಪ್ಟಿನವ ನಾನು ಇಂಡಿಯಾ ಅಂದ ಕೂಡಲೇ "ಅಮಿತಾಭ್ ಬಚ್ಚನ್!" ಅಂದು ತಬ್ಬಿಕೊಂಡ. ಅವರಲ್ಲಿ ಬಚ್ಚನ್ ಅಂದರೆ ಅಷ್ಟು ಹುಚ್ಚು. ನನಗೆ ಗೊತ್ತಾ ಅಂತ ಕೇಳಿದ. ನಾನು "ನಮ್ಮ ಪಕ್ಕದ ಓಣಿ" ಅಂದೆ. ಅಲ್ಲಿಂದ ಕೆಟ್ಟಿತು ನೋಡಿ. ಏನು ಹೇಳಿದರೂ ನಂಬುತ್ತಿದ್ದ. ಒಂದು ದಿನ ಬಂಡಲ್ ಬಿಟ್ಟೆ: "ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಹುಡುಗನ ಕೈಗೆ ಜೋಳದ ಹಿಟ್ಟು ಕೊಡುತ್ತಾರೆ. ರೊಟ್ಟಿ ದುಂಡಗೆ ಬಡಿದರೆ ಮದುವೆ. ಅಂಚು ಒಡೆದರೆ ಎರಡು ವರ್ಷ ಮುಂದಕ್ಕೆ." ಅವನು ಅದನ್ನು ಫೋನಿನಲ್ಲಿ ಹೆಂಡತಿಗೆ ಹೇಳಿದ. ಆಕೆಗೆ ಈ ಪದ್ಧತಿ ಬಹಳ ಹಿಡಿಸಿತಂತೆ, "ನೀನೂ ಕಲಿತು ಬಾ" ಅಂದಳಂತೆ. ಈಗ ಶುಕ್ರವಾರ ಶುಕ್ರವಾರ ಅವನು ನನ್ನ ಪಕ್ಕ ಕೂತು ರೊಟ್ಟಿ ಬಡಿಯುತ್ತಾನೆ. ಬಿಸಿ ನೀರು ಎಷ್ಟು ಹಾಕಬೇಕು, ಹಿಟ್ಟು ಎಷ್ಟು ನಾದಬೇಕು, ಬೇಯುವಾಗ ಮೇಲೆ ನೀರು ಯಾವಾಗ ಸವರಬೇಕು ಎಲ್ಲ ಗೊತ್ತು. ಹೇಳಲು ನಾಚಿಕೆ, ಅವನ ರೊಟ್ಟಿ ನನ್ನದಕ್ಕಿಂತ ದುಂಡಗಿದೆ.

ಸುಮ್ನೆ ಓದೋಳು:
ಮಾಮಾ, ಆ ಬಂಡಲ್ ಅನ್ನು ದಯಮಾಡಿ ಖರೇ ಮಾಡಿ. ನಮ್ಮ ಕಡೆಯ ಗಂಡುಗಳಿಗೆ ಈ ಪರೀಕ್ಷೆ ಇಡಲೇಬೇಕು.

ಖಡಕ್ ಚಹಾ:
ಮಾಮಾ ಸದ್ಯಕ್ಕೆ ಮುಂದಿದ್ದಾರೆ. ಒಂದು ಸುಳ್ಳಿನಿಂದ ಒಬ್ಬ ಮನುಷ್ಯನಿಗೆ ಅಡುಗೆ ಬಂತು ಅಂದರೆ ಸಣ್ಣ ಮಾತಲ್ಲ.

ಮೂವತ್ತನೇ ಜಿಲ್ಲೆ:
ಬಂಡಲ್: ಆಸ್ಟ್ರೇಲಿಯಾದಲ್ಲಿ ಹಾವಿಗೂ ವೋಟರ್ ಐಡಿ ಇದೆ. ಮನೆಗೆ ಬಂದ ಹಾವನ್ನು ಹೊಡೆಯುವ ಮೊದಲು ಅದು ಯಾವ ವಾರ್ಡಿನದು ಅಂತ ನೋಡಬೇಕು.

ರಿಟೈರ್ಡ್ ಮಾಸ್ತರ:
ಆಸ್ಟ್ರೇಲಿಯಾಕ್ಕೆ ಬಂಡಲ್ ಬೇಕಾಗಿಲ್ಲ ತಮ್ಮಾ, ಖರೇನೇ ಸಾಕು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ಈಮು ಪಕ್ಷಿಗಳು ನುಗ್ಗಿದವು, ಸುಮಾರು 20,000 ಅಂತ ಲೆಕ್ಕ. ಅಲ್ಲಿನ ರೈತರು ಬಹಳ ಜನ ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದವರು. ಅವರು ಕೃಷಿ ಇಲಾಖೆಗೆ ಹೋಗಲಿಲ್ಲ, ಸೀದಾ ರಕ್ಷಣಾ ಮಂತ್ರಿಗೆ ಹೇಳಿದರು. ಸೈನ್ಯ ಎರಡು ಲೂಯಿಸ್ ಮಷೀನ್ ಗನ್ನು, 10,000 ಗುಂಡು ತೆಗೆದುಕೊಂಡು ಬಂತು. ಈಮುಗಳು ಸಣ್ಣ ಸಣ್ಣ ಗುಂಪಾಗಿ ಒಡೆದು ದಿಕ್ಕಾಪಾಲಾಗಿ ಓಡಿದವು. ಲಾರಿ ಮೇಲೆ ಗನ್ನು ಕಟ್ಟಿ ಬೆನ್ನು ಹತ್ತಿದರೆ ಲಾರಿಗೆ ಅವುಗಳ ಸ್ಪೀಡು ಸಿಗಲಿಲ್ಲ. ಕಡೆಗೆ ಸೈನ್ಯ ವಾಪಸ್ ಹೋಯಿತು. ಈಮುಗಳು ಅಲ್ಲೇ ಇವೆ.

ತೊಗರಿ ತಮ್ಮ:
ಮಾಸ್ತರೇ ಇದು ನೂರಕ್ಕೆ ನೂರು ಖರೇ, ಯಾಕಂದ್ರೆ ನಾನು ಕಣ್ಣಾರೆ ನೋಡಿದ್ದೇನೆ. ಆಸ್ಟ್ರೇಲಿಯಾದಲ್ಲಿ ಅಲ್ಲ, ನಮ್ಮೂರಲ್ಲಿ. ಒಂದು ಕಾಲಕ್ಕೆ ಈಮು ಸಾಕಿದರೆ ಲಕ್ಷಾಧೀಶ ಆಗುತ್ತೀರಿ ಅಂತ ಎಲ್ಲ ಕಡೆ ಗಾಳಿ ಎದ್ದಿತ್ತು, ನಮ್ಮ ಸೋದರಮಾವನೂ ಆರು ತಂದ. ಎಣ್ಣೆ ಮಾರಬಹುದು, ಮೊಟ್ಟೆ ಮಾರಬಹುದು ಅಂದಿದ್ದರು. ಕೊಳ್ಳುವವರು ಯಾರು ಅಂತ ಯಾರೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಮುಳ್ಳು ತಂತಿ ಸಡಿಲಾಗಿ ಎರಡು ಹೊರಬಿದ್ದವು. ಹೂ ಬಿಟ್ಟ ತೊಗರಿ ಹೊಲ, ಅದರ ನಡುವೆ ಬರೀ ಎರಡು ಕುತ್ತಿಗೆ ಓಡುತ್ತಿದೆ, ಉಳಿದದ್ದು ಕಾಣುವುದಿಲ್ಲ. ಹಿಂದೆ ನಮ್ಮ ಮಾಮಾ ಲುಂಗಿ ಎತ್ತಿ ಕಟ್ಟಿಕೊಂಡು, ಅವರ ಹಿಂದೆ ಬೈಕಿನ ಮೇಲೆ ಇಬ್ಬರು, ಅವರ ಹಿಂದೆ ಊರಿನ ನಾಯಿ ಎಲ್ಲ. ಒಂದು ಸಂಜೆಗೆ ಸಿಕ್ಕಿತು. ಇನ್ನೊಂದು ಸಿಗಲೇ ಇಲ್ಲ. ಅಜ್ಜಿ ಇವತ್ತಿಗೂ ಹೇಳುತ್ತಾಳೆ, "ಅದು ಮಹಾರಾಷ್ಟ್ರಕ್ಕೆ ಹೋಗಿ ಸಂಸಾರ ಮಾಡಿಕೊಂಡಿದೆ" ಅಂತ.

ಬಿದ್ರಿ ಹುಡುಗಿ:
ಹೊಟ್ಟೆ ಹಿಡಿದುಕೊಂಡು ನಕ್ಕೆ ತಮ್ಮಾ. ಗಡಿ ದಾಟಿದ್ದಕ್ಕೆ ಒಂದು ಖರೇ ನೆನಪಾಯಿತು. 2007ರಲ್ಲಿ ಸ್ವಿಸ್ ಸೈನಿಕರು ಸುಮಾರು 170 ಜನ ರಾತ್ರಿ ಕವಾಯತಿನಲ್ಲಿ ದಾರಿ ತಪ್ಪಿ ಪಕ್ಕದ ಲಿಕ್ಟೆನ್‌ಸ್ಟೈನ್ ದೇಶದೊಳಗೆ ಹೋಗಿಬಿಟ್ಟರು. ಆ ದೇಶಕ್ಕೆ ಸೈನ್ಯವೇ ಇಲ್ಲ, 1868ರಲ್ಲೇ ತೆಗೆದುಹಾಕಿದ್ದಾರೆ. ಯಾರೋ ಬಂದು ಹೋದರು ಅಂತ ಅವರಿಗೆ ಗೊತ್ತೇ ಆಗಿರಲಿಲ್ಲ, ಸ್ವಿಸ್‌ನವರೇ ಆಮೇಲೆ ತಿಳಿಸಿದರು. ನಮ್ಮ ಬೀದರ್ ಜಿಲ್ಲೆಯ ಕುರಿ ಕಾಯುವವರು ದಿನಾ ತೆಲಂಗಾಣಕ್ಕೆ ಹೋಗಿ ಬರುತ್ತಾರೆ, ಯಾರಿಗೆ ತಿಳಿಸಬೇಕು?

ಖಡಕ್ ಚಹಾ:
ಹಾಗಾದರೆ ಸ್ವಿಸ್‌ನವರು ಟೈಮ್ ತಪ್ಪುವುದಿಲ್ಲ, ದಾರಿ ತಪ್ಪುತ್ತಾರೆ. ಆ ಹುಡುಗನಿಗೆ ಇದನ್ನು ಹೇಳಿ ಬರಬೇಕು.

ಮಸ್ಕತ್ ಮಾಮಾ:
ಟೈಮ್ ಅಂದರೆ ಜಪಾನ್. ಖರೇ: 2017ರ ನವೆಂಬರ್‌ನಲ್ಲಿ ಟೋಕಿಯೋ ಹತ್ತಿರ ಒಂದು ರೈಲು 20 ಸೆಕೆಂಡ್ ಮೊದಲೇ ಹೊರಟಿತು ಅಂತ ರೈಲಿನ ಕಂಪನಿ ಎಲ್ಲರ ಕ್ಷಮೆ ಕೇಳಿತು. ತಡವಾಗಿ ಅಲ್ಲ, ಮೊದಲೇ! ನಮ್ಮ ಕಡೆ ನಾನು ರಜಕ್ಕೆ ಬಂದಾಗ ಒಂದು ಗಾಡಿ (ಯಾವುದು ಅಂತ ಹೇಳಲ್ಲ) ಬಯಲಿನಲ್ಲಿ ನಿಂತದ್ದು ನಿಂತೇ ಇತ್ತು. ಪಕ್ಕದವರು ಇಳಿದು ಹೋಗಿ ಹೊಲದಲ್ಲಿ ಹಸಿ ಕಡ್ಲಿ ಕಿತ್ತುಕೊಂಡು, ಬೆಂಕಿ ಹಚ್ಚಿ ಸುಟ್ಟು, ನಮಗೂ ತಂದು ಕೊಟ್ಟರು. ಜಪಾನಿನವರ ಹಣೆಬರಹದಲ್ಲಿ ಇಂಥ ಕಡ್ಲಿ ಇಲ್ಲ ಬಿಡಿ.

ತೊಗರಿ ತಮ್ಮ:
ಟರ್ಕಿ ದೇಶಕ್ಕೆ ಏನಾದರೂ ಬಂಡಲ್ ಇದೆಯಾ? ಟರ್ಕಿ ಕೋಳಿ ಅಲ್ಲಿಂದ ಬಂತಾ?

ರಿಟೈರ್ಡ್ ಮಾಸ್ತರ:
ಎಂಥ ಒಳ್ಳೆಯ ಪ್ರಶ್ನೆ ಕೇಳಿದೆಯೋ. ಕೇಳು, ಎಲ್ಲ ಖರೇ. ಆ ಕೋಳಿ ಅಮೆರಿಕ ಖಂಡದ್ದು, ಮೆಕ್ಸಿಕೋ ಕಡೆಯದು. ಇಂಗ್ಲಿಷಿನವರು ಅದನ್ನು ಟರ್ಕಿ ಅಂದರು. ಟರ್ಕಿಯವರನ್ನು ಕೇಳಿದರೆ ಅದಕ್ಕೆ "ಹಿಂದಿ" ಅನ್ನುತ್ತಾರೆ, ಅಂದರೆ ನಮ್ಮ ದೇಶದ್ದು ಅಂತ! ಫ್ರೆಂಚರೂ "ದ್ಯಾಂಡ್" ಅನ್ನುತ್ತಾರೆ, ಅದೂ ಇಂಡಿಯಾದ್ದು ಅಂತಲೇ. ಪೋರ್ಚುಗೀಸರು "ಪೆರು" ಅನ್ನುತ್ತಾರೆ. ಮಲಯದವರು ಡಚ್ ಕೋಳಿ ಅನ್ನುತ್ತಾರೆ. ನಾವು ಮತ್ತೆ ಟರ್ಕಿ ಕೋಳಿ ಅನ್ನುತ್ತೇವೆ. ಒಬ್ಬರೂ ಸರಿಯಾದ ವಿಳಾಸ ಕೊಟ್ಟಿಲ್ಲ. ಪನಾಮಾ ಟೋಪಿಯ ಕತೆಯೂ ಇದೇ, ಅದನ್ನು ಹೆಣೆಯುವವರು ಈಕ್ವೆಡಾರಿನವರು, ಹೆಸರು ಮಾತ್ರ ಪನಾಮಾಕ್ಕೆ.

ಮೂವತ್ತನೇ ಜಿಲ್ಲೆ:
ಅದು ನಮ್ಮ ಕಡೆ ರೇಶನ್ ಕಾರ್ಡ್ ತಿದ್ದುಪಡಿಗೆ ಹೋದಂಗಾಯ್ತು. ಒಬ್ಬರು ಇನ್ನೊಂದು ಕೌಂಟರ್ ತೋರಿಸುವುದು.

ರಿಟೈರ್ಡ್ ಮಾಸ್ತರ:
ಇಷ್ಟು ಮಾತಾಡಿದ ಮೇಲೆ ಹಳೆಯ ಒಂದು ದೊಡ್ಡ ಬಂಡಲ್ ಬಗ್ಗೆ ಹೇಳದಿದ್ದರೆ ನಿದ್ದೆ ಬರಲ್ಲ. 1957ರ ಏಪ್ರಿಲ್ 1ಕ್ಕೆ ಬಿಬಿಸಿ ಟಿವಿಯವರು ಸ್ವಿಟ್ಜರ್‌ಲೆಂಡ್‌ನಲ್ಲಿ ಸ್ಪಗೆಟ್ಟಿ (ಹಿಟ್ಟಿನಿಂದ ಮಾಡುವ ಉದ್ದ ಎಳೆಯ ಇಟಲಿ ತಿನಿಸು) ಸುಗ್ಗಿ ಅಂತ ತೋರಿಸಿದರು. ಹೆಂಗಸರು ಮರದಿಂದ ಸ್ಪಗೆಟ್ಟಿ ಎಳೆ ಬಿಡಿಸಿ ಬಿಸಿಲಿಗೆ ಹಾಕುತ್ತಿದ್ದಾರೆ, ಈ ವರ್ಷ ಸ್ಪಗೆಟ್ಟಿ ಹುಳದ ಕಾಟ ಇಲ್ಲದ್ದರಿಂದ ಬೆಳೆ ಚೆನ್ನಾಗಿದೆ ಅಂತ ಗಂಭೀರವಾಗಿ ಹೇಳಿದರು. ಆಗ ಇಂಗ್ಲೆಂಡ್‌ನಲ್ಲಿ ಸ್ಪಗೆಟ್ಟಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಫೋನ್ ಮಾಡಿ "ನಾವೂ ಗಿಡ ಬೆಳೆಸಬೇಕು, ಹೇಗೆ?" ಅಂತ ಕೇಳಿದವರಿದ್ದರು. ಒಂದು ಎಳೆಯನ್ನು ಟೊಮೆಟೊ ಸಾಸಿನ ಡಬ್ಬಿಯಲ್ಲಿ ನೆಟ್ಟು ದೇವರ ಮೇಲೆ ಭಾರ ಹಾಕಿ ಅಂತ ಉತ್ತರ ಕೊಟ್ಟರಂತೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬರಲಿಲ್ಲ, ನಮ್ಮವ್ವ ನೆನಪಾದಳು. ಬೇಸಿಗೆಯಲ್ಲಿ ಅಂಗಳದಲ್ಲಿ ಎರಡು ಹೊರಸು ನಿಲ್ಲಿಸಿ ನಡುವೆ ಕೋಲು ಇಟ್ಟು, ಅದರ ಮೇಲೆ ಶಾವಿಗೆ ಇಳಿಬಿಡುತ್ತಿದ್ದಳು. ಗಾಳಿಗೆ ಅಲ್ಲಾಡುತ್ತಿದ್ದವು. ನನ್ನ ಕೈಗೆ ಒಂದು ಕಟ್ಟಿಗೆ ಕೊಟ್ಟು ಕಾಗೆ ಓಡಿಸಲು ಕೂಡಿಸುತ್ತಿದ್ದಳು. ಗೊತ್ತಿಲ್ಲದವರು ದೂರದಿಂದ ನೋಡಿದರೆ ಮರದಲ್ಲಿ ಬೆಳೆದದ್ದು ಅಂತಲೇ ಅನ್ನಬೇಕು. ಆ ಇಂಗ್ಲಿಷಿನವರನ್ನು ನಾನು ದಡ್ಡರು ಅನ್ನಲಾರೆ.

1977ರಲ್ಲಿ ಅಲ್ಲಿನ ಗಾರ್ಡಿಯನ್ ಪತ್ರಿಕೆ ಇನ್ನೂ ಮುಂದೆ ಹೋಯಿತು. ಹಿಂದೂ ಮಹಾಸಾಗರದಲ್ಲಿ ಸಾನ್ ಸೆರಿಫ್ ಅನ್ನುವ ಇಲ್ಲದ ದೇಶವನ್ನೇ ಹುಟ್ಟಿಸಿ ಏಳು ಪುಟ ಬರೆಯಿತು. ರಾಜಧಾನಿ ಬೊಡೋನಿ, ಆಳುವವನು ಜನರಲ್ ಪೈಕಾ. ಎಲ್ಲವೂ ಅಚ್ಚುಮೊಳೆಯ ಹೆಸರು! ಅಚ್ಚುಕೂಟದಲ್ಲಿ ಕೆಲಸ ಮಾಡಿದವರು ಮೊದಲ ಸಾಲಿಗೇ ನಕ್ಕಿರಬೇಕು. ಉಳಿದವರು ಅಲ್ಲಿಗೆ ಪ್ರವಾಸ ಹೋಗುವುದು ಹೇಗೆ ಅಂತ ಕೇಳಿದರು.

ಸುಮ್ನೆ ಓದೋಳು:
ನಮ್ಮವರೂ ಕಡಿಮೆ ಇಲ್ಲ ಸರ್. ಜನಗಣಮನ ಜಗತ್ತಿನ ಅತಿ ಒಳ್ಳೆಯ ರಾಷ್ಟ್ರಗೀತೆ ಅಂತ ಯುನೆಸ್ಕೋ ಘೋಷಿಸಿದೆ ಅನ್ನುವ ಮೆಸೇಜು ನಮ್ಮ ಮನೆ ಗುಂಪಿಗೆ ಪ್ರತಿ ಆಗಸ್ಟ್ 15ಕ್ಕೆ ತಪ್ಪದೆ ಬರುತ್ತದೆ. ಯುನೆಸ್ಕೋ ಹಾಗೆ ಹೇಳೇ ಇಲ್ಲ.

ರಿಟೈರ್ಡ್ ಮಾಸ್ತರ:
ಒಂದು ತಪ್ಪೊಪ್ಪಿಗೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಅಂತ ನಾನು ವರ್ಷಗಟ್ಟಲೆ ಪಾಠ ಮಾಡಿದೆ. 2012ರಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿಲ್ಲ ಅಂತ ಕ್ರೀಡಾ ಸಚಿವಾಲಯವೇ ಹೇಳಿತು. ಚೀನಾದ ಗೋಡೆ ಚಂದ್ರನ ಮೇಲಿಂದ ಕಾಣುತ್ತದೆ ಅಂತಲೂ ಹೇಳಿದ್ದೆ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಹೋಗಿ ಬಂದು, ಭೂಮಿ ಸುತ್ತುವಾಗಲೇ ಕಾಣಲಿಲ್ಲ ಅಂದರು. ಚಹಾ ಅವರೇ, ನಿಮ್ಮ ಬಂಡಲಿಗೆ ಆ ಹುಡುಗನ ಒಂದು ಮಾರ್ಕು ಹೋಯಿತು. ನಾನು ಈ ಎರಡು ಸುಳ್ಳಿಗೆ ಎಷ್ಟು ಮಕ್ಕಳಿಗೆ ಫುಲ್ ಮಾರ್ಕ್ಸ್ ಕೊಟ್ಟಿದ್ದೇನೋ.

ಖಡಕ್ ಚಹಾ:
ಮಾಸ್ತರೇ, ನಾನೂ ನಿಮ್ಮ ಕ್ಲಾಸಿನವನೇ ಇರಬೇಕು. ನನಗೂ ಹಾಕಿಗೆ ಮಾರ್ಕು ಬಂದಿತ್ತು. ವಾಪಸ್ ಕೊಡಲ್ಲ.

ಅಳಿಯ ದೇವರು:
ದೇಶಗಳು ಆದವು, ಈಗ ಸ್ವಲ್ಪ ಮನೆ ಕಡೆ ಬರೋಣ. ಬಂಡಲ್: ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬೇವಿನ ಮರದ ನೆರಳಿಗೂ ಬಾಡಿಗೆ ಕರಾರು ಇದೆ. ಹನ್ನೊಂದು ಗಂಟೆಗೆ ನೆರಳು ಸರಿದರೆ ಬಾಡಿಗೆದಾರನೂ ಸರಿಯಬೇಕು.

ಬಂಡಲ್: ಕಲಬುರಗಿಯಲ್ಲಿ ಅಳಿಯನಿಗೆ ಖಾರ ಸಾಕು ಅನ್ನುವ ಹಕ್ಕು ಮದುವೆಯಾಗಿ ಐದು ವರ್ಷ ಆದ ಮೇಲೆ ಸಿಗುತ್ತದೆ.

ಬಂಡಲ್: ಬೀದರ್ ಕರ್ನಾಟಕದಲ್ಲಿದೆ ಅಂತ ಬೆಂಗಳೂರಿಗೆ ನೆನಪಾಗುವುದು ಡಿಸೆಂಬರ್‌ನಲ್ಲಿ ಮಾತ್ರ, "ರಾಜ್ಯದಲ್ಲೇ ಕನಿಷ್ಠ ಉಷ್ಣಾಂಶ" ಅಂತ ಪೇಪರಿನಲ್ಲಿ ಬಂದಾಗ.

ಬಿದ್ರಿ ಹುಡುಗಿ:
ಮೂರನೆಯದರ ಮುಂದೆ ಬಂಡಲ್ ಅಂತ ತಪ್ಪಾಗಿ ಬರೆದಿದ್ದೀರಿ. ಅದು ಖರೇ.

ತೊಗರಿ ತಮ್ಮ:
ಬಿಸಿಲು ಬಿಟ್ಟರೆ ನಿಮಗೆ ನಮ್ಮ ಊರಲ್ಲಿ ಬೇರೆ ಏನೂ ಕಾಣಲ್ವಾ? ಯಾವಾಗ ನೋಡಿದರೂ ಬಿಸಿಲು, ಬಿಸಿಲು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಇದೇ ಊರಿನ ಮಾಲು ಅನ್ನುವ ಸರ್ಕಾರಿ ಗುರುತು) ಬಂತು, ನೀವು ಮೈಸೂರಿನಲ್ಲಿ ಕೂತು ಉಣ್ಣುವ ಸಾರಿನಲ್ಲಿ ನಮ್ಮ ಹೊಲ ಇದೆ. ಅದನ್ನು ಯಾರೂ ಹೇಳಲ್ಲ.

ಅಳಿಯ ದೇವರು:
ತಮ್ಮಾ, ಫಿನ್‌ಲೆಂಡಿನವರ ಚಪ್ಪಲಿ ಎಣಿಸಿದವರು ಯಾರು?

ತೊಗರಿ ತಮ್ಮ:
ಅದು ಬೇರೆ. ಫಿನ್‌ಲೆಂಡಿನವರು ಇದನ್ನು ಓದಲ್ಲ.

ಖಡಕ್ ಚಹಾ:
ಸಿಟ್ಟು ಬೇಡ್ರೀ. ನನಗೂ ಒಂದು ಕ್ಷಣ ಚುರುಕ್ ಅಂತು, ಒಪ್ಪುತ್ತೇನೆ. ನಲವತ್ನಾಲ್ಕು ಡಿಗ್ರಿ ಅಂತ ನಾವೇ ಹೇಳಿದರೆ ಪದಕ, ಬೇರೆಯವರು ಹೇಳಿದರೆ ಬೈಗುಳ. ಆದರೆ ನೆರಳಿನ ಕರಾರು ಚೆನ್ನಾಗಿದೆ, ಬಿಡಲಾಗದು. ನಮ್ಮ ಆಫೀಸಿನ ಹೊರಗಿನ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸುವ ಜಾಗಕ್ಕೆ ನಡೆಯುವುದು ಹೆಚ್ಚುಕಡಿಮೆ ಅದೇ.

ಸುಮ್ನೆ ಓದೋಳು:
ಅಳಿಯಂದ್ರೇ, ಈ ಸಲ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಬರುತ್ತೀರಲ್ಲ. ಭಜ್ಜಿ ಪಲ್ಯಕ್ಕೆ ಹಸಿಮೆಣಸಿನಕಾಯಿ ನಾನೇ ನನ್ನ ಕೈಯಾರೆ ಹಾಕುತ್ತೇನೆ. ಐದು ವರ್ಷ ಆಗಿಲ್ಲ, ಇನ್ನೂ ಎಂಟು ತಿಂಗಳಿದೆ.

ಅಳಿಯ ದೇವರು:
ಅತ್ತೆ?

ಅಳಿಯ ದೇವರು:
ಅತ್ತೆ, ನೀವಾ?

ಖಡಕ್ ಚಹಾ:
ಅಯ್ಯಯ್ಯೋ.

ಮಸ್ಕತ್ ಮಾಮಾ:
ಇವರಿಗೆ ಮಿರ್ಚಿ ಭಜಿ ಕೊಡಬೇಡಿ, ಮೊಸರನ್ನ ಕೊಡಿ.

ಬಿದ್ರಿ ಹುಡುಗಿ:
ಅವರ ಮನೆ ವಿಷಯ ಅವರು ನೋಡಿಕೊಳ್ಳಲಿ. ನಮ್ಮ ಬೀದರ್‌ಗೆ ಒಂದು ಖರೇ ಹೇಳುತ್ತೇನೆ, ಕೇಳಿದವರೆಲ್ಲ ಬಂಡಲ್ ಅನ್ನುತ್ತಾರೆ. ಬಿದ್ರಿ ಸಾಮಾನು ಕಪ್ಪಾಗುವುದು ಕೋಟೆಯ ಮಣ್ಣಿನಿಂದ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ, ಅದರಲ್ಲಿ ಕೆತ್ತಿ ಬೆಳ್ಳಿ ಕೂಡಿಸುತ್ತಾರೆ. ಆಮೇಲೆ ಬಿಸಿಲು ಮಳೆ ತಾಗದ ಹಳೇ ಕೋಟೆಯ ಜಾಗದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ಲೋಹ ಕಡು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯಾ ಅಂತ ಕಸಬುದಾರರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ನಮ್ಮ ಅಂಗಡಿಗೆ ಬಂದವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅದೇ "ಬಹಮನಿ ಸುಲ್ತಾನರ ರಹಸ್ಯ ಮಂತ್ರ ಇದೆ" ಅಂದರೆ ಕೂಡಲೇ ಎರಡು ಹೂದಾನಿ ಕೊಳ್ಳುತ್ತಾರೆ. ನಾನು ಮಂತ್ರ ಅನ್ನಲ್ಲ. ಸೀಸನ್ ಇದ್ದಾಗ ಮಾತ್ರ ಯಾರಾದರೂ ಅಂದರೆ ಸುಮ್ಮನಿರುತ್ತೇನೆ.

ಮೂವತ್ತನೇ ಜಿಲ್ಲೆ:
ನೋಡಿದ್ರಾ? ಕಲಬುರಗಿಗೆ ಬಿಸಿಲು, ತೊಗರಿ. ಬೀದರ್‌ಗೆ ಚಳಿ, ಬಿದ್ರಿ. ಫಿನ್‌ಲೆಂಡ್‌ಗೂ ಒಂದು ಬಂಡಲ್ ಇದೆ. ಯಾದಗಿರಿಗೆ? ನಾವು ರಾಜ್ಯದ 30ನೇ ಜಿಲ್ಲೆ ಆಗಿ ಇಷ್ಟು ವರ್ಷ ಆಯಿತು, ನಮ್ಮ ಬಗ್ಗೆ ಒಬ್ಬರೂ ಒಂದು ಸುಳ್ಳೂ ಹೇಳಿಲ್ಲ. ಬೆಂಗಳೂರಿನಲ್ಲಿ ಯಾದಗಿರಿ ಅಂದರೆ "ಓ, ಶಿವಮೊಗ್ಗ ಹತ್ತಿರಾನಾ?" ಅನ್ನುತ್ತಾರೆ. ಬೈಯಲಿಕ್ಕಾದರೂ ನಮ್ಮನ್ನು ನೆನೆಸಿಕೊಳ್ಳಿ.

ತೊಗರಿ ತಮ್ಮ:
ಪಾಪ ಖರೇ. ಯಾದಗಿರಿ ಅಂದರೆ ನನಗೂ ಕೋಟೆ ಮತ್ತೆ ಭೀಮಾ ನದಿ ಬಿಟ್ಟರೆ ತಲೆಗೆ ಏನೂ ಬರಲ್ಲ. ಪಕ್ಕದ ಜಿಲ್ಲೆಯವನು ನಾನು.

ಮಸ್ಕತ್ ಮಾಮಾ:
ಶಹಾಪುರದ ಬೆಟ್ಟ ಇದೆಯಲ್ಲ, ಮಲಗಿದ ಬುದ್ಧನ ಹಾಗೆ ಕಾಣುವುದು. ರಸ್ತೆಯಿಂದ ನೋಡಿದರೆ ಮೂಗು, ಗಲ್ಲ, ಎದೆ ಎಲ್ಲ ಸಾಫ್ ಕಾಣುತ್ತದೆ.

ಖಡಕ್ ಚಹಾ:
ತಡೀರಿ, ತಡೀರಿ. ಬಂತು. ಬಂಡಲ್: ಯಾದಗಿರಿ ಜಿಲ್ಲೆಯವರು ಮೆತ್ತಗೆ ಮಾತಾಡುತ್ತಾರೆ. ಯಾಕಂದರೆ ಬುದ್ಧ ಮಲಗಿದ್ದಾನೆ, ಎಬ್ಬಿಸಬಾರದು. ಜಗಳ ಬಂದರೆ ರಾಯಚೂರಿಗೆ ಹೋಗಿ ಆಡಿ ಬರುತ್ತಾರೆ. ಸದ್ದೇ ಮಾಡದ್ದರಿಂದ ಬೆಂಗಳೂರಿಗೆ ಅವರು ಕೇಳಿಸಿಲ್ಲ, ಅಷ್ಟೇ.

ಅಳಿಯ ದೇವರು:
ಎಳ್ಳ ಅಮಾವಾಸ್ಯೆ ರಾತ್ರಿ ಬೆಟ್ಟ ಮಗ್ಗಲು ಬದಲಿಸುತ್ತದೆ ಅಂತ ಸೇರಿಸಿ. (ಅತ್ತೆ, ಇದು ಯಾದಗಿರಿ ಬಗ್ಗೆ. ನಮ್ಮ ಮನೆ ಬಗ್ಗೆ ಅಲ್ಲ.)

ಮೂವತ್ತನೇ ಜಿಲ್ಲೆ:
ಕಣ್ಣಲ್ಲಿ ನೀರು ಬಂತು ಅಣ್ಣಾರ. ನಮಗೂ ಒಂದು ಬಂಡಲ್.

ಮೂವತ್ತನೇ ಜಿಲ್ಲೆ:
ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಸೊಲ್ಲಾಪುರದ ನಮ್ಮ ಚಿಗವ್ವ ಮನೆ ಗುಂಪಿಗೆ ಒಂದು ಮೆಸೇಜ್ ಕಳಿಸಿದ್ದಾಳೆ. ಮೇಲೆ ಬುದ್ಧನ ಚಿತ್ರ, ನಾಲ್ಕು ದೀಪ, ಆರು ಹೂವು. "ಯಾದಗಿರಿ ಜಗತ್ತಿನ ಅತ್ಯಂತ ಶಾಂತ ಜಿಲ್ಲೆ ಎಂದು ಯುನೆಸ್ಕೋ ಘೋಷಣೆ. ಮಲಗಿದ ಬುದ್ಧನಿಗಾಗಿ ಇಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಹತ್ತು ಜನಕ್ಕೆ ಕಳಿಸಿ." ನಮ್ಮ ಬಂಡಲ್ಲೇ, ಯುನೆಸ್ಕೋ ಯಾರು ಸೇರಿಸಿದರೋ. ಕೆಳಗೆ ಕೇಳಿದ್ದಾಳೆ, "ಖರೇನೇನೋ ಮಗಾ? ನೀ ಅಲ್ಲೇ ಇರ್ತಿ ಅಲ್ಲ?"

ಆಟದ ನಿಯಮ ನನಗೆ ಗೊತ್ತು. ಬಂಡಲ್ ಅಂತ ಬರೆಯಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಸುತ್ತ ನಾಲ್ಕು ಟಂಟಂ ಆಟೋ ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದವು. "ಹೂಂ ಚಿಗವ್ವ, ಖರೇ" ಅಂತ ಕಳಿಸಿಬಿಟ್ಟೆ.

ಇವತ್ತು ಬೆಳಗ್ಗೆ ಆಕೆ ಫೋನ್ ಮಾಡಿದಳು. ಆಕೆಯ ದನಿ ಸೊಲ್ಲಾಪುರದಿಂದ ಫೋನ್ ಇಲ್ಲದೆಯೂ ಕೇಳುವಂಥದ್ದು. ಇವತ್ತು ಏನೂ ಕೇಳಿಸಲಿಲ್ಲ. ಎರಡು ಸಲ ಹಲೋ ಹಲೋ ಅಂದೆ. ಆಮೇಲೆ ಗೊತ್ತಾಯಿತು, ಪಿಸುಗುಡುತ್ತಿದ್ದಾಳೆ.

ಖಡಕ್ ಚಹಾ:
ಭಜಿ ತಿನ್ನಲು ಯಾವಾಗ ಬರುತ್ತೀರಿ?